ಸೊನ್ನೆಗಿಂತ ಕೆಳಗಿಳಿದ ಕೆಳಮಿತಿ

ಪ್ರಶ್ನೆ: ಯಾದೃಚ್ಛಿಕವಾಗಿ ಆರಿಸಿದ 50 ಬಿಡಿಭಾಗಗಳ ಮಾದರಿಯಲ್ಲಿ 2 ದೋಷಪೂರಿತವಾಗಿದ್ದವು. ಪಠ್ಯಪುಸ್ತಕದ ಸೂತ್ರದಂತೆ ಸಮಷ್ಟಿಯಲ್ಲಿನ, ಅಂದರೆ ಎಲ್ಲ ಬಿಡಿಭಾಗಗಳಲ್ಲಿನ, ದೋಷಪೂರಿತ ಭಾಗಗಳ ಪ್ರಮಾಣಕ್ಕೆ ಶೇ. 95ರ ವಿಶ್ವಾಸಾಂತರವನ್ನು (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿಯ ಅಂದಾಜು) ಲೆಕ್ಕ ಹಾಕಿದರೆ ಕೆಳಮಿತಿ ಋಣಸಂಖ್ಯೆಯಾಗುತ್ತದೆ. ಅದನ್ನು ಸೊನ್ನೆ ಎಂದು ಬರೆದುಕೊಂಡರೆ ಸಾಕೇ?

ಉತ್ತರ: ಸಾಲದು. ನಿಮ್ಮ ಲೆಕ್ಕವೇನೋ ಸರಿ: ಮಾದರಿಯ ಪ್ರಮಾಣ 0.04, ಅದರ ಪ್ರಮಾಣಿತ ದೋಷ (ಮಾದರಿಯಿಂದ ಮಾದರಿಗೆ ಅದು ಎಷ್ಟು ಏರುಪೇರಾಗುತ್ತದೆ ಎಂಬುದರ ಅಳತೆ) ಸುಮಾರು 0.0277, ಇದನ್ನು ಶೇ. 95ಕ್ಕೆ ಬಳಸುವ 1.96ರಿಂದ ಗುಣಿಸಿ ಎರಡೂ ಬದಿಗೆ ಚಾಚಿದರೆ −0.014ರಿಂದ 0.094ರವರೆಗಿನ ಅಂತರ ಸಿಗುತ್ತದೆ. ಆದರೆ ಎರಡು ದೋಷಪೂರಿತ ಭಾಗಗಳು ಕೈಗೆ ಸಿಕ್ಕ ಮೇಲೆ ನಿಜವಾದ ಪ್ರಮಾಣ ಸೊನ್ನೆಯಾಗಿರಲು ಸಾಧ್ಯವೇ ಇಲ್ಲವಾದ್ದರಿಂದ, ಕೆಳತುದಿಯನ್ನು ಕತ್ತರಿಸುವುದು ತೇಪೆ ಹಚ್ಚಿದಂತೆ ಅಷ್ಟೆ.

ನಿಜವಾದ ತೊಂದರೆ ಇರುವುದು ಮೇಲ್ಮಿತಿಯಲ್ಲೂ ಹೌದು, ಅದನ್ನು ಯಾರೂ ಗಮನಿಸುವುದಿಲ್ಲ. ನಿಜವಾದ ಪ್ರಮಾಣ 0.10 ಎಂದುಕೊಳ್ಳಿ. ಆಗ ಪ್ರಮಾಣಿತ ದೋಷ 0.0277 ಅಲ್ಲ, 0.0424; ನೀವು ಕಂಡ 0.04 ಅದರಿಂದ ಕೇವಲ 1.41 ಪ್ರಮಾಣಿತ ದೋಷಗಳಷ್ಟು ದೂರದಲ್ಲಿದೆ. 1.96ರೊಳಗೇ ಇರುವ ಈ 0.10 ಅನ್ನು ಪಠ್ಯಪುಸ್ತಕದ ಸೂತ್ರ ಹೊರಗಿಟ್ಟುಬಿಟ್ಟಿದೆ. ಯಾವ ಅಂದಾಜಿನ ಅನಿಶ್ಚಿತತೆಯನ್ನು ಅಳೆಯಬೇಕೋ ಅದೇ ಅಂದಾಜಿನಿಂದ ಪ್ರಮಾಣಿತ ದೋಷವನ್ನೂ ಲೆಕ್ಕ ಹಾಕುವುದೇ ಇದಕ್ಕೆ ಕಾರಣ.

1927ರಲ್ಲಿ ಎಡ್ವಿನ್ ವಿಲ್ಸನ್ ಸೂಚಿಸಿದ ವಿಧಾನವು, ಪ್ರತಿಯೊಂದು ಸಂಭಾವ್ಯ ಪ್ರಮಾಣವನ್ನೂ ಮೇಲಿನಂತೆ ಅದರದೇ ಪ್ರಮಾಣಿತ ದೋಷದಿಂದ ಪರೀಕ್ಷಿಸಿ, ಉತ್ತೀರ್ಣವಾದವುಗಳನ್ನು ಮಾತ್ರ ಅಂತರದೊಳಗೆ ಉಳಿಸಿಕೊಳ್ಳುತ್ತದೆ. ಒಂದು ವರ್ಗಸಮೀಕರಣವನ್ನು ಬಿಡಿಸಿದರೆ ನಿಮ್ಮ ಮಾದರಿಗೆ 0.011ರಿಂದ 0.135 ಎಂಬ ಉತ್ತರ ಬರುತ್ತದೆ. ಇದು 0.04ರ ಸುತ್ತ ಸಮಪ್ರಮಾಣದಲ್ಲಿಲ್ಲ, ಇರಬೇಕಾಗಿಯೂ ಇಲ್ಲ.

ಕೈಲೆಕ್ಕಕ್ಕೆ ಸುಲಭವಾದದ್ದು ಬೇಕೆಂದರೆ, ಅಗ್ರೆಸ್ಟಿ ಮತ್ತು ಕೌಲ್ 1998ರಲ್ಲಿ ತೋರಿಸಿದಂತೆ ಎರಡು ದೋಷಪೂರಿತ, ಎರಡು ಸರಿಯಾದ ಭಾಗಗಳು ಹೆಚ್ಚಾಗಿ ಸಿಕ್ಕಿದ್ದವೆಂದು ಭಾವಿಸಿ, 54ರಲ್ಲಿ 4 ಎಂದಿಟ್ಟುಕೊಂಡು ಹಳೆಯ ಸೂತ್ರವನ್ನೇ ಬಳಸಬಹುದು: 0.004ರಿಂದ 0.144. ದ್ವಿಪದ ವಿತರಣೆಯನ್ನೇ (ಮಾದರಿಯಲ್ಲಿ ಇಂತಿಷ್ಟು ದೋಷಪೂರಿತ ಭಾಗಗಳು ಸಿಗುವ ಸಂಭವನೀಯತೆಗಳನ್ನು) ನೇರವಾಗಿ ಬಳಸುವ ಕ್ಲಾಪರ್–ಪಿಯರ್ಸನ್ ವಿಧಾನವೂ (1934) ಇದೆ, ಅದು ಶೇ. 95ಕ್ಕೆ ಕಡಿಮೆಯಾಗದ ಭರವಸೆ ಕೊಡುತ್ತದೆ, ಆದರೆ ಅಂತರ ಅಗತ್ಯಕ್ಕಿಂತ ಅಗಲವಾಗುವುದೇ ಹೆಚ್ಚು. ನನ್ನ ಆಯ್ಕೆ ವಿಲ್ಸನ್‌ನದು.

ಒಂದೂ ದೋಷಪೂರಿತ ಭಾಗ ಕಾಣದ ಮಾದರಿಯಲ್ಲಂತೂ ಪಠ್ಯಪುಸ್ತಕದ ಸೂತ್ರ ಸೊನ್ನೆಯಿಂದ ಸೊನ್ನೆಯವರೆಗೆ ಎಂದುಬಿಡುತ್ತದೆ. ಅಲ್ಲಿ 3ನ್ನು ಮಾದರಿಯ ಗಾತ್ರದಿಂದ ಭಾಗಿಸಿದರೆ ಶೇ. 95ರ ಮೇಲ್ಮಿತಿ ಸುಮಾರಾಗಿ ದೊರೆಯುತ್ತದೆ. 50ಕ್ಕೆ ಅದು 0.06.