ಲೋಮಿಲೋಮಿಯಲ್ಲಿ ಮಂತ್ರಕ್ಕೇನು ಕೆಲಸ?

ಪ್ರಶ್ನೆ: ಹವಾಯಿಯ ಲೋಮಿಲೋಮಿ ಅಂಗಮರ್ದನಕ್ಕೆ ಮುನ್ನ ಪ್ರಾರ್ಥನೆ, ಮಂತ್ರಪಠಣ ಇರುತ್ತದೆಯಂತೆ. ಅದು ಚಿಕಿತ್ಸೆಯ ಭಾಗವೋ, ಬರೀ ಅಲಂಕಾರವೋ? ಹಳೆಯ ಬೆನ್ನುನೋವು ಇದರಿಂದ ವಾಸಿಯಾಗುವುದೇ?

ಉತ್ತರ: ಅಲಂಕಾರವಲ್ಲ. ಹವಾಯಿಯ ಮೂಲನಿವಾಸಿಗಳ ವೈದ್ಯಪದ್ಧತಿಯಲ್ಲಿ ದೇಹ, ಮನಸ್ಸು ಮತ್ತು ಕುಟುಂಬದ ಸಂಬಂಧಗಳನ್ನು ಬೇರೆಬೇರೆಯಾಗಿ ನೋಡುವುದಿಲ್ಲವಾದ್ದರಿಂದ, ಕೈ ಮುಟ್ಟುವ ಮೊದಲು ‘ಪುಲೆ’ ಎಂಬ ಪ್ರಾರ್ಥನೆಯಿಂದ ಮರ್ದಕರು ತಮ್ಮ ಮನಸ್ಸನ್ನೂ ರೋಗಿಯ ಮನಸ್ಸನ್ನೂ ಅಣಿಗೊಳಿಸುತ್ತಾರೆ. ‘ಓಲಿ’ ಎಂಬುದು ನೃತ್ಯದ ಜೊತೆಯಿಲ್ಲದ ಪಠಣ. ಉದ್ದನೆಯ ಸಾಲನ್ನು ಒಂದೇ ಉಸಿರಿನಲ್ಲಿ ಹಿಡಿದು ಹೇಳುವುದೇ ಅದರ ಕಸುಬು. ಹವಾಯಿ ದ್ವೀಪದ ಮಾರ್ಗರೆಟ್ ಮಚಾಡೊ 1970ರ ದಶಕದಲ್ಲಿ ಈ ವಿದ್ಯೆಯನ್ನು ಹೊರಗಿನವರಿಗೂ ಕಲಿಸತೊಡಗಿದಾಗ ಪ್ರಾರ್ಥನೆಯನ್ನು ಪಾಠದಿಂದ ಕೈಬಿಡಲಿಲ್ಲ.

ಮರ್ದನದಲ್ಲಿ ಬೆರಳು, ಅಂಗೈ, ಮೊಣಕೈಗಳೆಲ್ಲ ದುಡಿಯುತ್ತವೆ. ಕೈಗೆಟುಕದ ಬೆನ್ನಿನ ಗಂಟನ್ನು ತಾವೇ ಒತ್ತಿಕೊಳ್ಳಲು ಕೊಕ್ಕೆಯಾಕಾರದ ಮರದ ಕೋಲೂ ಉಂಟು. ಮುಂಗೈಯನ್ನು ಹೆಗಲಿನಿಂದ ಸೊಂಟದವರೆಗೆ ಅಲೆಯಂತೆ ಜಾರಿಸುವ ಶೈಲಿಯೊಂದನ್ನೇ ಸ್ಪಾಗಳು ಲೋಮಿಲೋಮಿ ಎಂದು ಮಾರುತ್ತವೆ. ಆದರೆ ಮನೆತನದಿಂದ ಮನೆತನಕ್ಕೆ ಪದ್ಧತಿ ಬೇರೆ. ಅರ್ಥ ತಿಳಿಯದೆ ಗುನುಗುವ ಓಲಿಯನ್ನಂತೂ ನಾನು ಪರಂಪರೆಯೆಂದು ಒಪ್ಪಲಾರೆ.

ಬೆನ್ನಿನ ವಿಚಾರ: ಸ್ನಾಯುಗಳ ಬಿಗಿತ ಸಡಿಲಗೊಂಡು ಕೆಲಕಾಲ ನೋವು ತಗ್ಗಬಹುದು, ನಿಧಾನ ಉಸಿರಾಟದಿಂದ ಮನಸ್ಸೂ ಹಗುರಾಗಬಹುದು. ಬೇರುಸಹಿತ ವಾಸಿಯಾಗುತ್ತದೆಂಬ ಭರವಸೆಯನ್ನು ಮಾತ್ರ ನಂಬಬೇಡಿ. ಕಾಲಿಗೆ ನೋವು ಹರಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಅಥವಾ ಜ್ವರವಿದ್ದರೆ ಮೊದಲು ವೈದ್ಯರನ್ನು ಕಾಣಿರಿ. ರಕ್ತ ಹೆಪ್ಪುಗಟ್ಟುವ ತೊಂದರೆಯಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಮರ್ದನ ಮಾಡಿಸಿಕೊಳ್ಳಕೂಡದು.