ಕೊಟ್ಟೆ ಹಳ್ಳಕ್ಕೆ ಹೋದರೆ ಹೊಣೆ ಯಾರದು? (ಗೌಡರ ಪ್ರಶ್ನೆಗೆ ಉತ್ತರ)

ಗೌಡರೇ, ನಮಸ್ಕಾರ. ಮಳೆಗೆ ಕೊಳೆಯದಂತೆ ಅಡಿಕೆ ಕೊನೆಗೆ ಹೊದಿಸಿ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯನ್ನು ಹಳ್ಳಕ್ಕೆ ಬಿಡಬಾರದೆಂದು ಪಂಚಾಯಿತಿ ನೋಟಿಸ್ ಅಂಟಿಸಿದೆ, ಅದರಲ್ಲಿ ಸಮುದ್ರ ಮಾಲಿನ್ಯದ ಮಾತೂ ಇದೆ, ಹೊಸನಗರದ ತೋಟಕ್ಕೂ ಸಮುದ್ರಕ್ಕೂ ಎತ್ತಣ ಸಂಬಂಧ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, ರೈತರನ್ನು ಜೈಲಿಗೆ ಹಾಕುತ್ತಾರೆ ಎಂದು ಹೆದರಿಸಿದ್ದಾರೆ. ಇನ್ನೊಬ್ಬರು ಎಲ್ಲವೂ ಕಂಪನಿಯ ಹೊಣೆ, ನಮಗೇನೂ ಇಲ್ಲ ಎಂದಿದ್ದಾರೆ. ಎರಡೂ ಸರಿಯಲ್ಲ.

ನಿಮ್ಮ ಹಳ್ಳದ ನೀರು ಶರಾವತಿಗೆ, ಶರಾವತಿ ಹೊನ್ನಾವರದಲ್ಲಿ ಕಡಲಿಗೆ. ತೀರ್ಥಹಳ್ಳಿಯವರು ನಗಬೇಕಾಗಿಲ್ಲ, ಅಲ್ಲಿಯ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರುತ್ತಾಳೆ. ಹಾಗೆಂದು ನಾವು ಎಸೆದದ್ದೆಲ್ಲ ಕಡಲು ಮುಟ್ಟುತ್ತದೆ ಎನ್ನುವುದೂ ಉತ್ಪ್ರೇಕ್ಷೆ. ಸಾಕಷ್ಟು ದಂಡೆಯ ಗಿಡಗಳಲ್ಲಿ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಉಳಿಯುತ್ತದೆ. ಮಳೆಗಾಲ ಮುಗಿದು ನೀರು ಇಳಿದ ಮೇಲೆ ಸಂಕದ (ಕಾಲುಸೇತುವೆಯ) ಕಂಬವನ್ನು ನೋಡಿ. ತರಗೆಲೆ, ಅಡಿಕೆ ಹಾಳೆಯ ತುಂಡುಗಳ ನಡುವೆ ಕೊಟ್ಟೆಗಳು ಹಗ್ಗದಂತೆ ಹೊಸೆದುಕೊಂಡು ಸುತ್ತಿರುತ್ತವೆ. ಬಿಸಿಲು ಬಿದ್ದ ಅಂಚನ್ನು ಬೆರಳಿನಿಂದ ಉಜ್ಜಿದರೆ ಹುಡಿಯಾಗಿ ಉದುರುತ್ತದೆ. ಆ ಹುಡಿಯನ್ನು ಯಾವ ಅಣೆಕಟ್ಟೂ ಪೂರ್ತಿ ತಡೆಯಲಾರದು.

ಈಗ ಕಾನೂನು. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದವನ್ನು ಭಾರತ 1995ರಲ್ಲಿ ಅನುಮೋದಿಸಿತು. ನೆಲದಿಂದ, ನದಿಗಳ ಮೂಲಕ ಸಮುದ್ರ ಸೇರುವ ಮಾಲಿನ್ಯವನ್ನು ತಡೆಯಲು ಕಾನೂನು ಮಾಡಿ ಎಂದು ಅದರ 207ನೇ ವಿಧಿ ಹೇಳುತ್ತದೆ. ಹೇಳುವುದು ಸರ್ಕಾರಗಳಿಗೆ, ನಿಮಗಲ್ಲ. ಪ್ಲಾಸ್ಟಿಕ್ಕಿಗೆಂದೇ ಜಾಗತಿಕ ಒಪ್ಪಂದ ಮಾಡಿಕೊಳ್ಳಲು 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಬರಿಗೈಯಲ್ಲಿ ಎದ್ದವು.

ಹಡಗಿನ ವಿಷಯ ಬೇರೆ. 2025ರ ಮೇ ತಿಂಗಳಲ್ಲಿ ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಮುಳುಗಿ ಪ್ಲಾಸ್ಟಿಕ್ ಕಾಳುಗಳು ದಡಕ್ಕೆ ಬಂದವು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರಕ್ಕೆ ಹೈಕೋರ್ಟಿಗೆ ಹೋಯಿತು, ಕೋರ್ಟು ಅದೇ ಎಂಎಸ್‌ಸಿ ಸಮೂಹದ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಿತು. ಹಡಗಿಗೆ ಹೆಸರುಂಟು, ಮಾಲೀಕರುಂಟು. ಹೊನ್ನಾವರದ ಬಲೆಗೆ ಸಿಕ್ಕ ಕೊಟ್ಟೆ ಯಾರ ತೋಟದ್ದೆಂದು ಹೇಳುವವರು ಯಾರು? ಆದ್ದರಿಂದಲೇ ನೆಲದ ಪ್ಲಾಸ್ಟಿಕ್ಕನ್ನು ಕಾನೂನು ನೆಲದ ಮೇಲೆಯೇ ಹಿಡಿಯಲು ನೋಡುತ್ತದೆ.

ನೀರಿನ ಮಾಲಿನ್ಯ ತಡೆಯುವ 1974ರ ಜಲ ಕಾಯ್ದೆಯಲ್ಲಿ ‘ಹೊಳೆ’ (stream) ಎಂದರೇನು ಎಂಬ ವ್ಯಾಖ್ಯೆಯನ್ನು ಒಮ್ಮೆ ಓದಿ. ನದಿ, ಅಂತರ್ಜಲ, ಸಮುದ್ರದ ನೀರು ಇವುಗಳ ಸಾಲಿನಲ್ಲೇ ನೀರಿನ ಹಾದಿಯೂ ಇದೆ, ಅದು ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ. ಬೇಸಿಗೆಯಲ್ಲಿ ನೀರಿಲ್ಲದ ಹಳ್ಳವೂ ಲೆಕ್ಕಕ್ಕೆ ಬಂತು. ಇನ್ನು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ತ್ಯಾಜ್ಯ ಮಾಡುವ ಪ್ರತಿಯೊಬ್ಬರಿಗೂ, ಅಂದರೆ ನಮಗೂ, ಎಲ್ಲೆಂದರಲ್ಲಿ ಎಸೆಯದೆ ಬೇರ್ಪಡಿಸಿ ಕೊಡುವ ಹೊಣೆ ಇದೆ. ಸಂಗ್ರಹಿಸಿ ಸಾಗಿಸುವುದು, ಬಯಲಲ್ಲಿ ಸುಡದಂತೆ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಹೊಣೆ. ನೋಟಿಸ್ ಅಂಟಿಸಿದರೆ ಅವರ ಕೆಲಸ ಮುಗಿಯುವುದಿಲ್ಲ. ಜೈಲಿನ ವಿಷಯ ಹೇಳುವುದಾದರೆ, ಈ ನಿಯಮಗಳಿಗೆ ಮೂಲವಾದ ಪರಿಸರ ಸಂರಕ್ಷಣಾ ಕಾಯ್ದೆಯಡಿ 2024ರ ಏಪ್ರಿಲ್‌ನಿಂದ ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ದಂಡ ಕಟ್ಟದೆ ಕುಳಿತವರಿಗೆ ಮಾತ್ರ ಜೈಲಿನ ದಾರಿ ಇನ್ನೂ ತೆರೆದಿದೆ.

ಕಂಪನಿಯ ಹೊಣೆ ಇರುವುದು ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ: ಗೊಬ್ಬರದ ಚೀಲ, ಪಶು ಆಹಾರದ ಚೀಲ, ಬೆಳೆಗೆ ಹೊಡೆಯುವ ಔಷಧದ ಡಬ್ಬಿ. ಅದೂ ತನ್ನದೇ ಚೀಲವನ್ನು ನಿಮ್ಮ ಅಂಗಳದಿಂದ ಹೊತ್ತೊಯ್ಯುವ ಹೊಣೆಯಲ್ಲ. ನಿಗದಿಯಾದಷ್ಟು ಪ್ಲಾಸ್ಟಿಕ್ ಎಲ್ಲಿಯಾದರೂ ಮರುಬಳಕೆಯಾದ ಪ್ರಮಾಣಪತ್ರ ಕೊಂಡರೆ ಆಯಿತು. ನಗರದ ಪಕ್ಕದ ಪ್ಲಾಸ್ಟಿಕ್ ಅಗ್ಗವಾಗಿ ಸಿಗುವಾಗ ಘಟ್ಟ ಹತ್ತಿ ಯಾರು ಬರುತ್ತಾರೆ? ಈ ವ್ಯವಸ್ಥೆಯಲ್ಲಿ ಮಲೆನಾಡು ಬಿಟ್ಟುಹೋಗಿದೆ ಎಂಬುದು ನನ್ನ ದೂರು. ಕೊಟ್ಟೆ ಮತ್ತು ಡ್ರಿಪ್ ಪೈಪು ಪ್ಯಾಕಿಂಗ್ ಅಲ್ಲ, ಈ ಲೆಕ್ಕಕ್ಕೇ ಬರುವುದಿಲ್ಲ. ಕೊಟ್ಟೆಯ ಮಟ್ಟಿಗೆ ಕೊನೆಯ ಹೊಣೆಗಾರರು ನಾವೇ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕೊಯ್ಲಿನ ಹೊತ್ತಿಗೆ ಕೊಟ್ಟೆ ಬಿಚ್ಚುವಾಗ ಕೊನೆಗಾರರು ಮರದ ಮೇಲಿಂದ ಬಿಟ್ಟರೆ ಅದು ಬಸಿಗಾಲುವೆಗೇ ಬೀಳುತ್ತದೆ. ಸೊಂಟಕ್ಕೆ ಒಂದು ಹಳೆಯ ಗೊಬ್ಬರದ ಚೀಲ ಕಟ್ಟಿಕೊಡಿ, ಮಜೂರಿ ಮಾತನಾಡುವಾಗಲೇ ಇದನ್ನೂ ಸೇರಿಸಿ ಹೇಳಿ. ಹರಿಯದ ಕೊಟ್ಟೆ ಮುಂದಿನ ವರ್ಷಕ್ಕೆ ತೆಗೆದಿಡಿ. ಹರಿದದ್ದನ್ನು ಪಾಚಿ, ಮಣ್ಣು ಹೋಗುವಂತೆ ತೊಳೆದು ಒಣಗಿಸಿ ಕಟ್ಟು ಕಟ್ಟಿ; ಒದ್ದೆ ಕೊಟ್ಟೆಯನ್ನು ಗುಜರಿಯವರು ಮೂಸಿಯೂ ನೋಡುವುದಿಲ್ಲ. ಪೈಪು ಹೇಗೂ ಮಾರಾಟವಾಗುತ್ತದೆ. ಔಷಧದ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿಯಿರಿ, ಡಬ್ಬಿಯನ್ನು ಯಾರೂ ಮತ್ತೆ ಬಳಸದಂತೆ ಒಡೆಯಿರಿ. ಬಚ್ಚಲ ಒಲೆಗೆ ಮಾತ್ರ ಯಾವ ಪ್ಲಾಸ್ಟಿಕ್ಕನ್ನೂ ಹಾಕಬೇಡಿ. ತ್ಯಾಜ್ಯವನ್ನು ಬಯಲಲ್ಲಿ ಸುಟ್ಟರೆ 5,000 ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಒಲೆಯಲ್ಲಿ ಸುಟ್ಟರೆ ದಂಡದ ಬದಲು ಹೊಗೆ ಮನೆಯವರ ಎದೆಗೆ.

ಪಂಚಾಯಿತಿಗೆ ಜಗಳಕ್ಕೆ ಹೋಗಬೇಡಿ, ಅರ್ಜಿ ಹಿಡಿದು ಹೋಗಿ. ಕೊಯ್ಲು ಮುಗಿದ ಮೇಲೆ ನಿಗದಿತ ದಿನ ಕಸ ಒಯ್ಯುವ ಸ್ವಚ್ಛ ವಾಹಿನಿಯನ್ನು ತೋಟದ ಕೇರಿಗಳಿಗೂ ಕಳುಹಿಸಬೇಕು, ಕೊಟ್ಟೆಯನ್ನು ಒಣಕಸದ ಘಟಕದಲ್ಲಿ ಪ್ರತ್ಯೇಕವಾಗಿ ಕೂಡಿಡಬೇಕು ಎಂದು 2016ರ ನಿಯಮಗಳ 7ನೇ ನಿಯಮವನ್ನು ಹೆಸರಿಸಿ ಬರೆಯಿರಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಸ್ವೀಕೃತಿ ಪಡೆಯಿರಿ. ಅಕ್ಕಪಕ್ಕದ ಹತ್ತು ತೋಟದವರ ಸಹಿ ಇದ್ದರೆ ವಾಹನ ಬರುವ ಸಂಭವ ಹೆಚ್ಚು. ಅರ್ಜಿಯ ಕರಡು ನನ್ನ ಬಳಿ ಇದೆ, ಬೇಕೆಂದವರು ಇಲ್ಲಿಯೇ ಹೇಳಿ, ಹಾಕುತ್ತೇನೆ.