‘ಸಾಕು’ ಎನ್ನುವ ಅಕ್ಕ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮೂರು ಕೊಡಗಿನ ಅಮ್ಮತ್ತಿ. ಅಮೆರಿಕದಲ್ಲಿ ಡಿಗ್ರಿ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ಅಲ್ಲಿ ಒಂದು ಸೊರೊರಿಟಿ ಸೇರಿದ್ದೇನೆ. ಅದು ಹುಡುಗಿಯರದ್ದೇ ಸಂಘ. ಒಂದೇ ಮನೆಯಲ್ಲಿ ಇರುತ್ತೇವೆ, ಅಕ್ಕ-ತಂಗಿ ಅಂತಲೇ ಕರೆದುಕೊಳ್ಳುತ್ತೇವೆ. ಕಾಫಿ ಕೊಯ್ಲಿನ ಹೊತ್ತಿಗೆ ರಜೆ ಸಿಕ್ಕಿ ಮನೆಗೆ ಬಂದಿದ್ದೇನೆ. ಜನವರಿಯಲ್ಲಿ ವಾಪಸ್ ಹೋದ ಕೂಡಲೇ ಹೊಸ ಹುಡುಗಿಯರು ಸೇರುತ್ತಾರೆ. ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ಈ ಸಲ ನನ್ನದು. ಹೋದ ವರ್ಷ ಸೀನಿಯರ್‌ಗಳು ನಮ್ಮನ್ನು ಎರಡು ರಾತ್ರಿ ಮಲಗಲು ಬಿಡಲಿಲ್ಲ. ಫೋನ್ ಕಿತ್ತಿಟ್ಟುಕೊಂಡರು. ಅವರ ಬಟ್ಟೆ ಒಗೆಸಿದರು. ಈ ಸಲವೂ ಹಾಗೇ ಆಗಬೇಕಂತೆ. ‘ನಿನಗೇನಾಯ್ತು, ಚೆನ್ನಾಗೇ ಇದ್ದೀಯಲ್ಲ’ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಆ ಮನೆ ಬಿಡಲೂ ಮನಸ್ಸಿಲ್ಲ. ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಸೂಪ್ ಕುಡಿಸಿದವರು ಅವರೇ. ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಅಮ್ಮತ್ತಿ

ಉತ್ತರ: ಮಗಳೇ, ನಿನ್ನ ಕಾಗದದಲ್ಲಿ ಆ ಸೂಪಿನ ಮಾತನ್ನು ನಾನು ಎರಡು ಸಲ ಓದಿದೆ. ಆ ಹುಡುಗಿಯರು ಕೆಟ್ಟವರಲ್ಲ. ಅದಕ್ಕೇ ನಿನಗೆ ಇಷ್ಟು ಕಷ್ಟವಾಗುತ್ತಿದೆ. ಮನೆ ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ.

ಇದನ್ನು ಓದುವ ಉಳಿದವರಿಗಾಗಿ ಎರಡು ಮಾತು. ಗ್ರೀಕ್ ಅಕ್ಷರದ ಹೆಸರಿಟ್ಟುಕೊಳ್ಳುವ ಈ ಸಂಘಗಳು ಅಮೆರಿಕದಲ್ಲಿ ಹಳೆಯವು. ಮೊದಲನೆಯದು 1776ರದ್ದು. ಹುಡುಗರದ್ದಾದರೆ ಫ್ರೆಟರ್ನಿಟಿ, ಹುಡುಗಿಯರದ್ದಾದರೆ ಸೊರೊರಿಟಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಕಪ್ಪು ವಿದ್ಯಾರ್ಥಿಗಳು ತಮ್ಮದೇ ಆಲ್ಫಾ ಫೈ ಆಲ್ಫಾ ಕಟ್ಟಿಕೊಂಡರು. 1998ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನಮ್ಮ ಕಡೆಯ ದೇಶಗಳ ಮೂಲದ ಹುಡುಗಿಯರು ಕಪ್ಪಾ ಫೈ ಗ್ಯಾಮಾ ಶುರು ಮಾಡಿದರು. ದೂರದೂರಲ್ಲಿ ಓದುವವರಿಗೂ ಒಂದು ಒಕ್ಕ, ಅಂದರೆ ನಮ್ಮವರು ಎನ್ನುವ ಒಂದು ಮನೆತನ ಬೇಕಲ್ವಾ?

ನಾನು ಕೊಡಗಿನಲ್ಲೇ ಒಂದು ಹುಡುಗಿಯರ ಹಾಸ್ಟೆಲ್‌ಗೆ ವಾರ್ಡನ್ ಆಗಿದ್ದೆ. ಮೊದಲ ವರ್ಷ ಅಲ್ಲಿ ಹೊಸ ಹುಡುಗಿಯರಿಂದ ಸೀನಿಯರ್‌ಗಳು ದಿನಾ ಬಿಸಿನೀರು ಹೊರಿಸುತ್ತಿದ್ದರು. ಹಂಡೆ ಕೆಳಗೆ, ಸೀನಿಯರ್‌ಗಳ ರೂಮು ಮೇಲೆ. ನನ್ನ ಕಣ್ಣಿಗೆ ಬೀಳುತ್ತಿತ್ತು. ಹೊಂದಿಕೊಳ್ಳಲಿ ಎಂದು ಸುಮ್ಮನಿದ್ದೆ. ಆಗಸ್ಟ್ ಮಳೆಯಲ್ಲಿ ಆ ಹೊಸಬರಲ್ಲಿ ಒಬ್ಬಳ ಅಪ್ಪ ಬಂದು ಟ್ರಂಕ್ ಹೊತ್ತುಕೊಂಡು ಹೋದರು. ಅವಳು ಮುಂದೆ ಓದಲಿಲ್ಲ ಎಂದು ಆಮೇಲೆ ಕೇಳಿದೆ. ಅದು ನನ್ನ ತಪ್ಪು, ಇವತ್ತಿಗೂ ಮನಸ್ಸಿನಲ್ಲಿದೆ. ಮಾರನೇ ವರ್ಷ ನೀರು ಹೊರಿಸಲು ಮುಂದೆ ನಿಂತವರು ಯಾರು ಗೊತ್ತಾ? ಹಿಂದಿನ ವರ್ಷ ಹೊತ್ತಿದ್ದ ಉಳಿದ ಹುಡುಗಿಯರು. ‘ನಮಗೇನಾಯ್ತು ಮೇಡಂ’ ಎಂದು ಅವರೂ ಕೇಳಿದರು. ಏನೋ ಆದವಳು ಉತ್ತರ ಹೇಳಲು ಅಲ್ಲಿರಲಿಲ್ಲ. ನಿನ್ನ ಮನೆಯಲ್ಲೂ ಹೋದ ವರ್ಷ ಅರ್ಧಕ್ಕೇ ಬಿಟ್ಟು ಹೋದವರು ಇರಬಹುದು. ಯೋಚಿಸಿ ನೋಡು.

ಗಂಗಾಪೂಜೆ ನೀನು ಎಷ್ಟೋ ಕೊಡವ ಮದುವೆಗಳಲ್ಲಿ ನೋಡಿರುತ್ತೀಯ. ಹೊಸ ಮದುಮಗಳು ತಲೆಯ ಮೇಲೆ ನೀರು ಹೊತ್ತು ಬರುತ್ತಾಳೆ. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ತಡೆಯುತ್ತಾರೆ. ಚೆಂದದ ಪದ್ಧತಿ, ನನಗೆ ಇಷ್ಟ. ಒಂದು ಮದುವೆಯಲ್ಲಿ ಮಾತ್ರ ಎರಡು ಗಂಟೆ ಕಳೆದರೂ ಕುಣಿತ ನಿಲ್ಲಲಿಲ್ಲ. ಹುಡುಗಿಯ ಕುತ್ತಿಗೆ ನಡುಗುತ್ತಿತ್ತು, ಮುಖದಲ್ಲಿ ನಗು ಹಾಗೇ ಇತ್ತು. ಆಗ ಗಂಡಿನ ದೊಡ್ಡಮ್ಮ ಎದ್ದು ಬಂದು ‘ಸಾಕು’ ಅಂದರು. ಅಷ್ಟೇ. ವಾಲಗ ನಿಂತಿತು, ದಾರಿ ಬಿಟ್ಟಿತು. ಪದ್ಧತಿ ಕೆಟ್ಟಿತು ಎಂದು ಯಾರೂ ಅನ್ನಲಿಲ್ಲ. ಹೆಣ್ಣಿನ ಕಡೆಯವರು ಆ ಮಾತು ಹೇಳಿದ್ದರೆ ಜಗಳವಾಗುತ್ತಿತ್ತೇನೋ. ಮನೆಯವರೇ ಹೇಳಿದ್ದರಿಂದ ನಡೆಯಿತು. ಹೊಸ ಹುಡುಗಿ ‘ಬೇಡ’ ಅನ್ನಲಾರಳು, ಹೊರಗಿನವರಿಗೆ ಕಾಣುವುದಿಲ್ಲ. ಈ ಸಲ ನಿನ್ನ ಮನೆಯಲ್ಲಿ ಆ ದೊಡ್ಡಮ್ಮನ ಜಾಗದಲ್ಲಿರುವವಳು ನೀನು.

ಕಾನೂನೂ ನಿನ್ನ ಕಡೆಗಿದೆ. ನಮ್ಮಲ್ಲಿ ರ‍್ಯಾಗಿಂಗ್ ತಡೆಯಲು 2009ರಲ್ಲಿ ಯುಜಿಸಿ ನಿಯಮ ಬಂತು. ಅಮೆರಿಕದಲ್ಲಿ ಇದನ್ನೇ ಹೇಜಿಂಗ್ ಅನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿದೆ. ನಿದ್ದೆ ಕೆಡಿಸುವುದನ್ನೂ ಅದು ಹೆಸರಿಟ್ಟೇ ಹೇಳುತ್ತದೆ. ಹೊಸಬರು ಒಪ್ಪಿಯೇ ಮಾಡಿದರೂ ಅದು ಹೇಜಿಂಗ್‌ ಎನ್ನುತ್ತದೆ. ತಪ್ಪು ಸಾಬೀತಾದರೆ ಕಾಲೇಜು ಸಂಘದ ಹೆಸರನ್ನು ಬಹಿರಂಗವಾಗಿ ಪ್ರಕಟಿಸಬೇಕು. ಇದನ್ನು ಬೆದರಿಸಲು ಬಳಸಬೇಡ. ‘ನಮ್ಮ ಮನೆಯ ಹೆಸರು ಉಳಿಯಲಿ’ ಎಂದು ಹೇಳು, ಅದೂ ನಿಜವೇ ತಾನೇ.

ಹೊರಡುವ ಮೊದಲೇ ನಿನ್ನ ಜೊತೆ ಸೇರಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡ, ಅಲ್ಲಿ ಎಲ್ಲರೂ ಗಟ್ಟಿಗಿತ್ತಿಯರೇ. ಆ ಎರಡು ರಾತ್ರಿ ಹೇಗನ್ನಿಸಿತು ಎಂದಷ್ಟೇ ಕೇಳು. ಮೂವರು ಸಿಕ್ಕರೂ ಸಾಕು. ಅವರ ಜೊತೆ ಅಧ್ಯಕ್ಷೆಯ ಹತ್ತಿರ ಹೋಗಿ, ನನ್ನ ಕೈಯಲ್ಲಿ ಇದು ಆಗುವುದಿಲ್ಲ ಎಂದು ಹೇಳು. ಬದಲಿಗೆ ಏನು ಎಂದು ಅವರು ಕೇಳೇ ಕೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದಾಗ ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಕಾಲೇಜು ಮಕ್ಕಳನ್ನು ನೋಡಿದೆ. ಯಾರು ಸೀನಿಯರ್, ಯಾರು ಜೂನಿಯರ್ ಎಂದು ಗೊತ್ತಾಗುತ್ತಿರಲಿಲ್ಲ. ಒಟ್ಟಿಗೆ ಅಕ್ಕಿ ಅಳೆದರು, ಕಂಬಳಿ ಹಂಚಿದರು. ನಿಮ್ಮ ಸಂಘದಲ್ಲೂ ಸೇವೆಯ ಕೆಲಸ ಇದ್ದೇ ಇರುತ್ತದೆ. ಫೋಟೋಗೆ ಮಾತ್ರ ಅಲ್ಲ, ನಿಜವಾದ ಒಂದು ರಾತ್ರಿಯ ದುಡಿಮೆ ಇಟ್ಟುಕೊಳ್ಳಿ. ಎಲ್ಲರೂ ದುಡಿಯಲಿ, ಸೀನಿಯರ್‌ಗಳು ಮೊದಲು. ಕೇಳದೇ ಹೋದರೆ ಡೀನ್ ಕಚೇರಿಗೆ ತಿಳಿಸು. ಅದು ದ್ರೋಹವಲ್ಲ.

ಇನ್ನೊಂದು ಮಾತು, ಇದರಲ್ಲಿ ಮಾತ್ರ ನಾನು ತುಂಬಾ ಗಟ್ಟಿ. 2017ರಲ್ಲಿ ಪೆನ್ಸಿಲ್ವೇನಿಯಾದ ಒಂದು ಫ್ರೆಟರ್ನಿಟಿ ಮನೆಯಲ್ಲಿ 19 ವರ್ಷದ ಹೊಸ ಹುಡುಗ ಕುಡಿದು ಮೆಟ್ಟಿಲಿಂದ ಬಿದ್ದ. ಅಂಥ ಪೆಟ್ಟು ಬಿದ್ದಿದ್ದರೂ ಸುಮಾರು 12 ಗಂಟೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಹುಡುಗ ಉಳಿಯಲಿಲ್ಲ. ಸಂಘಕ್ಕೆ ತೊಂದರೆ ಆದೀತು ಎಂದು ಯಾರಾದರೂ ಅಡ್ಡ ಬಂದರೂ ನೀನು 911ಕ್ಕೆ ಫೋನ್ ಮಾಡಬೇಕು. ಹೊಸ ಹುಡುಗಿಯರ ಫೋನ್ ಕಿತ್ತಿಡುವುದು ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಅಮ್ಮನಿಗೆ ಹೇಳು. ಹೊರಡುವ ಹಿಂದಿನ ದಿನ ಬೇಡ, ಈಗಲೇ. ಕಣದಲ್ಲಿ ಕಾಫಿ ಹರವುವಾಗ ಪಕ್ಕದಲ್ಲಿ ಕೂತು ಸೂಪಿನ ಕಥೆಯನ್ನು ಮೊದಲು ಹೇಳು. ಆ ಎರಡು ರಾತ್ರಿಯದ್ದು ಆಮೇಲೆ. ಜನವರಿ ಕಳೆದ ಮೇಲೆ ನನಗೆ ಮತ್ತೆ ಬರಿ, ಕಾಯುತ್ತಿರುತ್ತೇನೆ.